ಡಬಲ್ ಕ್ಲಿಕ್ ಮಾಡಿದರೆ ಯಾವ ಆ್ಯಪ್ ಎದ್ದು ಬರಬೇಕು?

ಪ್ರಶ್ನೆ: ನಮ್ಮ ಮನೆಯ ಕಂಪ್ಯೂಟರಿನಲ್ಲಿ ವಿಂಡೋಸ್ 11 ಇದೆ. ಪಿಡಿಎಫ್ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಬ್ರೌಸರ್ ತೆರೆದುಕೊಳ್ಳುತ್ತದೆ. ಬೇರೆ ಆ್ಯಪ್‌ಗೆ ಬದಲಾಯಿಸಿದರೆ ಕೆಲವು ದಿನ ಸರಿಯಿದ್ದು ಆಮೇಲೆ ಮತ್ತೆ ಹಳೇ ಕಥೆ. ಯಾವ ಫೈಲನ್ನು ಯಾವ ಆ್ಯಪ್ ತೆರೆಯಬೇಕು ಅಂತ ತೀರ್ಮಾನಿಸುವವರು ಯಾರು? ಅದೇ ಕಂಪ್ಯೂಟರಿನಲ್ಲಿ ಮಗಳಿಗೆ ಬೇರೆ ಲಾಗಿನ್ ಇದೆ. ನಾನು ಬದಲಿಸಿದರೆ ಅವಳದ್ದೂ ಬದಲಾಗುತ್ತದೆಯೇ?

— ಓದುಗರೊಬ್ಬರು, ತಿಪಟೂರು

ಉತ್ತರ: ಕೊನೆಯ ಪ್ರಶ್ನೆ ಸುಲಭದ್ದು, ಅದನ್ನು ಮೊದಲು ಮುಗಿಸೋಣ. ಬದಲಾಗುವುದಿಲ್ಲ. ವಿಂಡೋಸ್ ಈ ಆಯ್ಕೆಗಳನ್ನು ಪ್ರತಿ ಲಾಗಿನ್‌ಗೂ ಬೇರೆಬೇರೆಯಾಗಿ ಬರೆದಿಡುತ್ತದೆ. ನಿಮ್ಮ ಪಿಡಿಎಫ್ ನಿಮ್ಮ ಆ್ಯಪಿನಲ್ಲಿ, ಅವಳದ್ದು ಅವಳ ಇಷ್ಟದ ಆ್ಯಪಿನಲ್ಲಿ ತೆರೆಯುತ್ತದೆ.

ಇನ್ನು ತೀರ್ಮಾನಿಸುವವರು ಯಾರು ಅನ್ನುವ ಪ್ರಶ್ನೆ. ಫೈಲ್ ಅಂತೂ ಅಲ್ಲ. ತನ್ನನ್ನು ಯಾರು ತೆರೆಯಬೇಕೆಂದು ಫೈಲಿಗೆ ಗೊತ್ತೇ ಇರುವುದಿಲ್ಲ. ವಿಂಡೋಸ್ ನೋಡುವುದು ಹೆಸರಿನ ಬಾಲವನ್ನು, ಅಂದರೆ ಕೊನೆಯ ಚುಕ್ಕಿಯ ಆಚೆಗಿರುವ ಮೂರು ನಾಲ್ಕು ಅಕ್ಷರಗಳನ್ನು. ಇದನ್ನೇ ಎಕ್ಸ್‌ಟೆನ್ಷನ್ ಅನ್ನುತ್ತೇವೆ. ಎಂಟು ಅಕ್ಷರದ ಹೆಸರು, ಮೂರು ಅಕ್ಷರದ ಬಾಲ ಅನ್ನುವುದು ಡಾಸ್ ಕಾಲದ ಕಟ್ಟಳೆ. ಕಟ್ಟಳೆ ಹೋದರೂ ಬಾಲ ಉಳಿಯಿತು. ಆ ಬಾಲಕ್ಕೆ ಯಾವ ಆ್ಯಪ್ ಅನ್ನುವ ಪಟ್ಟಿಯೊಂದು ಕಂಪ್ಯೂಟರಿನಲ್ಲಿರುತ್ತದೆ. 1992ರ ವಿಂಡೋಸ್ 3.1ರಲ್ಲಿ ಈ ಪಟ್ಟಿ ವಿನ್ ಡಾಟ್ ಐಎನ್‌ಐ ಎಂಬ ಸಾದಾ ಟೆಕ್ಸ್ಟ್ ಫೈಲಿನೊಳಗಿತ್ತು. ನೋಟ್‌ಪ್ಯಾಡಿನಲ್ಲಿ ತೆರೆದು, ಒಂದು ಸಾಲು ತಿದ್ದಿದರೆ ಕೆಲಸ ಮುಗಿಯುತ್ತಿತ್ತು. ಈಗ ಅದು ರಿಜಿಸ್ಟ್ರಿ ಎಂಬ ದೊಡ್ಡ ದಫ್ತರಿನಲ್ಲಿದೆ, ತಿದ್ದುವುದು ಅಷ್ಟು ಸಲೀಸಲ್ಲ. ಯಾಕೆ ಸಲೀಸಲ್ಲ ಅನ್ನುವುದರಲ್ಲೇ ನಿಮ್ಮ ‘ಮತ್ತೆ ಹಳೇ ಕಥೆ’ಯ ಕಾರಣವೂ ಇದೆ.

ರಿಜಿಸ್ಟ್ರಿಯ ಈ ಪಟ್ಟಿಗೆ ಬಹಳ ಕಾಲ ಬೀಗ ಇರಲಿಲ್ಲ. ಯಾವ ಆ್ಯಪ್ ಬೇಕಾದರೂ ಬಂದು ತನ್ನ ಹೆಸರು ಬರೆದುಕೊಳ್ಳಬಹುದಿತ್ತು. 2000ದ ಆಸುಪಾಸಿನಲ್ಲಿ ಕಂಪ್ಯೂಟರ್ ಬಳಸಿದವರಿಗೆ ನೆನಪಿರಬಹುದು: ವಿನ್‌ಆ್ಯಂಪ್ ಹಾಕಿದರೆ ಎಂಪಿ3 ಹಾಡುಗಳೆಲ್ಲ ಅದರ ಪಾಲು, ರಿಯಲ್‌ಪ್ಲೇಯರ್ ಹಾಕಿದ ಕೂಡಲೇ ಅದರ ಪಾಲು, ಕ್ವಿಕ್‌ಟೈಮ್ ಬಂದರೆ ಅದೂ ಒಂದು ಕೈ ನೋಡುತ್ತಿತ್ತು. ಇನ್‌ಸ್ಟಾಲ್ ಮಾಡುವಾಗ ಸಣ್ಣ ಅಕ್ಷರದ ಟಿಕ್ ಗುರುತುಗಳನ್ನು ತೆಗೆಯದೆ ನೆಕ್ಸ್ಟ್, ನೆಕ್ಸ್ಟ್ ಒತ್ತಿದವರ ಗತಿ ಅಷ್ಟೇ.

2012ರಲ್ಲಿ ವಿಂಡೋಸ್ 8 ಬಂದಾಗ ಮೈಕ್ರೋಸಾಫ್ಟ್ ಇದಕ್ಕೊಂದು ಬೀಗ ಹಾಕಿತು. ನೀವು ಮಾಡಿದ ಆಯ್ಕೆ ಯೂಸರ್‌ಚಾಯ್ಸ್ ಎಂಬ ಜಾಗದಲ್ಲಿ ಕೂರುತ್ತದೆ, ಅದರ ಪಕ್ಕದಲ್ಲೇ ಹ್ಯಾಶ್ ಎಂಬ ಗುಪ್ತ ಸಂಕೇತವೊಂದು ಇರುತ್ತದೆ. ಬಾಲ, ಆ್ಯಪಿನ ಗುರುತು, ನಿಮ್ಮ ಖಾತೆಯ ಗುರುತು, ಬರೆದ ಸಮಯ ಇವೆಲ್ಲವನ್ನೂ ಬೆರೆಸಿ ವಿಂಡೋಸೇ ಲೆಕ್ಕ ಹಾಕಿ ತಯಾರಿಸುವ ಸಂಕೇತ ಅದು. ಬೇರೆ ಪ್ರೋಗ್ರಾಂ ಬಂದು ಹಿಂಬಾಗಿಲಿನಿಂದ ಆ್ಯಪಿನ ಹೆಸರು ತಿದ್ದಿದರೆ ಲೆಕ್ಕ ತಾಳೆಯಾಗುವುದಿಲ್ಲ. ಆಗ ವಿಂಡೋಸ್ ಅದನ್ನು ಕಳ್ಳ ರುಜು ಎಂದು ತಳ್ಳಿಹಾಕಿ ತನ್ನದೇ ಆ್ಯಪನ್ನು ಕೂರಿಸುತ್ತದೆ. ವಿಂಡೋಸ್ 10ರಲ್ಲಿ ‘ಆ್ಯಪ್ ಡಿಫಾಲ್ಟ್ ರೀಸೆಟ್ ಆಗಿದೆ’ ಅನ್ನುವ ಸೂಚನೆ ಪರದೆಯ ಮೂಲೆಯಲ್ಲಿ ಹಣಕಿ ಹೋಗುತ್ತಿತ್ತಲ್ಲ, ಅದು ಇದೇ.

ಹಾಗಾಗಿ ನೀವು ಪಿಡಿಎಫ್ ಆ್ಯಪನ್ನು ಎಲ್ಲಿಂದ ಬದಲಿಸಿದಿರಿ ಅನ್ನುವುದು ಮುಖ್ಯ. ಪಿಡಿಎಫ್ ಆ್ಯಪಿನೊಳಗೇ ‘ನನ್ನನ್ನು ಡಿಫಾಲ್ಟ್ ಮಾಡಿ’ ಅನ್ನುವ ಗುಂಡಿ ಇರುತ್ತದೆ. ಹಳೆಯ ಆವೃತ್ತಿಯದಾದರೆ ಅದು ಹಳೆಯ ದಾರಿಯಲ್ಲೇ ರಿಜಿಸ್ಟ್ರಿಗೆ ಬರೆಯಲು ಹೋಗಿ ಸಿಕ್ಕಿಬೀಳುತ್ತದೆ. ರಿಜಿಸ್ಟ್ರಿ ಕ್ಲೀನರ್ ಎಂದು ಹೇಳಿಕೊಳ್ಳುವ ಸಾಫ್ಟ್‌ವೇರುಗಳು ಕೈಯಾಡಿಸಿದರೂ ಅದೇ ಫಲ. (ನನ್ನನ್ನು ಕೇಳಿದರೆ ಆ ಜಾತಿಯ ಸಾಫ್ಟ್‌ವೇರನ್ನು ಇವತ್ತೇ ತೆಗೆದುಹಾಕಿ.) ಇನ್ನೊಂದು ಕಾರಣವೂ ಉಂಟು. ಆ್ಯಪನ್ನು ತೆಗೆದು ಮತ್ತೆ ಹಾಕಿದಾಗ, ದೊಡ್ಡ ಅಪ್‌ಡೇಟ್ ಆದಾಗ, ರಿಜಿಸ್ಟ್ರಿಯಲ್ಲಿ ಅದರ ಗುರುತಿನ ಹೆಸರೇ ಬದಲಾಗಬಹುದು. ನಿಮ್ಮ ಆಯ್ಕೆ ಈಗ ಇಲ್ಲದ ಆ್ಯಪಿನ ಕಡೆ ಬೆರಳು ತೋರಿಸುತ್ತ ಕೂರುತ್ತದೆ, ಆ ಖಾಲಿ ಜಾಗಕ್ಕೆ ವಿಂಡೋಸಿನ ಬ್ರೌಸರ್ ಬಂದು ಸೇರುತ್ತದೆ. ಇನ್ನು ವಿಂಡೋಸ್ ದೊಡ್ಡ ಅಪ್‌ಡೇಟ್ ಮುಗಿಸಿ ‘ಶಿಫಾರಸು ಮಾಡಿದ ಸೆಟ್ಟಿಂಗ್’ ಬಳಸುತ್ತೀರಾ ಎಂದು ಕೇಳುವ ಪರದೆಯಲ್ಲಿ ಅವಸರದಿಂದ ಹೌದು ಒತ್ತುವವರೂ ಬಹಳ ಜನ.

ಬೀಗ ಹಾಕಿದ್ದು ಒಳ್ಳೆಯ ಉದ್ದೇಶಕ್ಕೇ ಇರಬಹುದು. ಆದರೆ ಬೀಗದ ಕೈ ಇಟ್ಟುಕೊಂಡವರ ಅಂಗಡಿಯೂ ಅದೇ ಬೀದಿಯಲ್ಲಿದೆ ಅನ್ನುವುದನ್ನು ಮರೆಯುವಂತಿಲ್ಲ. 2015ರಲ್ಲಿ ವಿಂಡೋಸ್ 10 ಬಂದಾಗ ಅಪ್‌ಗ್ರೇಡ್ ಮಾಡಿಕೊಂಡವರ ಬ್ರೌಸರ್ ಆಯ್ಕೆ ಹಾರಿಹೋಗುತ್ತಿದೆ ಎಂದು ಮೊಝಿಲ್ಲಾ ಮುಖ್ಯಸ್ಥ ಕ್ರಿಸ್ ಬಿಯರ್ಡ್ ಅವರು ಮೈಕ್ರೋಸಾಫ್ಟ್ ಮುಖ್ಯಸ್ಥ ಸತ್ಯ ನಾದೆಲ್ಲ ಅವರಿಗೆ ಬಹಿರಂಗ ಪತ್ರ ಬರೆದಿದ್ದರು. 2021ರಲ್ಲಿ ವಿಂಡೋಸ್ 11 ಬಂದಾಗಂತೂ ಬ್ರೌಸರ್ ಬದಲಿಸಲು ಎಚ್‌ಟಿಎಂ, ಎಚ್‌ಟಿಎಂಎಲ್, ಎಚ್‌ಟಿಟಿಪಿ, ಎಚ್‌ಟಿಟಿಪಿಎಸ್ ಹೀಗೆ ಒಂದೊಂದನ್ನೇ ಬೇರೆಬೇರೆಯಾಗಿ ಬದಲಿಸುತ್ತ ಹೋಗಬೇಕಿತ್ತು. ಜನ ಬೈದ ಮೇಲೆ, 2022ರ ವಸಂತದ ಅಪ್‌ಡೇಟಿನಲ್ಲಿ ಒಂದೇ ಗುಂಡಿ ಬಂತು. 2024ರಲ್ಲಿ ಮತ್ತೊಂದು ಸುತ್ತು ಬೀಗ: ಬ್ರೌಸರ್ ಮತ್ತು ಪಿಡಿಎಫ್ ಆಯ್ಕೆಗಳನ್ನು ಹೊರಗಿನ ಪ್ರೋಗ್ರಾಂಗಳು ಮುಟ್ಟದಂತೆ ಕಾಯುವ ಡ್ರೈವರೊಂದು ವಿಂಡೋಸಿನೊಳಗೆ ಸೇರಿಕೊಂಡಿತು. ಕಾವಲಿಗೆ ಆರಿಸಿಕೊಂಡದ್ದು ಹಾಡಲ್ಲ, ಫೋಟೊ ಅಲ್ಲ, ಬ್ರೌಸರ್ ಮತ್ತು ಪಿಡಿಎಫ್. ಈ ಎರಡು ಸಾಲುಗಳ ಬೆಲೆ ಎಷ್ಟೆಂದು ಅದರಿಂದಲೇ ಊಹಿಸಬಹುದು. ಯುರೋಪಿಯನ್ ಕಮಿಷನ್ 2013ರಲ್ಲಿ ಮೈಕ್ರೋಸಾಫ್ಟಿಗೆ 56.1 ಕೋಟಿ ಯೂರೋ ದಂಡ ಹಾಕಿದ್ದೂ ಇಂಥದ್ದೇ ವಿಷಯಕ್ಕೆ. ಬಳಕೆದಾರರಿಗೆ ಬ್ರೌಸರ್ ಆರಿಸಿಕೊಳ್ಳುವ ಪರದೆ ತೋರಿಸುತ್ತೇವೆಂದು ಒಪ್ಪಿಕೊಂಡಿದ್ದ ಕಂಪನಿ, ವಿಂಡೋಸ್ 7ರ ಒಂದು ಆವೃತ್ತಿಯಲ್ಲಿ ವರ್ಷಕ್ಕೂ ಮೀರಿ ಅದನ್ನು ತೋರಿಸಿರಲಿಲ್ಲ.

ಸರಿ, ಈಗ ಮಾಡಬೇಕಾದದ್ದು. ಪಿಡಿಎಫ್ ಮೇಲೆ ರೈಟ್ ಕ್ಲಿಕ್ ಮಾಡಿ, ಓಪನ್ ವಿತ್‌ಗೆ ಹೋಗಿ, ಚೂಸ್ ಅನದರ್ ಆ್ಯಪ್ ಒತ್ತಿ. ಬೇಕಾದ ಆ್ಯಪನ್ನು ಆರಿಸಿ ಕೆಳಗಿನ ಎರಡು ಗುಂಡಿಗಳಲ್ಲಿ ಆಲ್ವೇಸ್ ಒತ್ತಿ. ಜಸ್ಟ್ ಒನ್ಸ್ ಒತ್ತಿದರೆ ಅದು ಆ ಹೊತ್ತಿಗಷ್ಟೇ. ಅಥವಾ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರೊಳಗೆ ಡಿಫಾಲ್ಟ್ ಆ್ಯಪ್ಸ್‌ಗೆ ಹೋಗಿ, ಮೇಲಿನ ಪೆಟ್ಟಿಗೆಯಲ್ಲಿ ಚುಕ್ಕಿ ಹಾಕಿ ಪಿಡಿಎಫ್ ಎಂದು ಟೈಪ್ ಮಾಡಿ. ಈಗ ಆ ಕೆಲಸ ಯಾರ ಪಾಲಿಗಿದೆ ಅನ್ನುವುದೂ ಅಲ್ಲೇ ಕಾಣುತ್ತದೆ. ಈ ಎರಡು ದಾರಿಯಲ್ಲಿ ಬದಲಿಸಿದರೆ ಹ್ಯಾಶ್ ಸರಿಯಾಗಿ ಬೀಳುತ್ತದೆ, ಆಯ್ಕೆ ನಿಲ್ಲುತ್ತದೆ. ಮ್ಯಾಕ್ ಇದ್ದರೆ ಫೈಲನ್ನು ಆರಿಸಿ ಗೆಟ್ ಇನ್ಫೋ ತೆರೆದು, ಓಪನ್ ವಿತ್ ಬದಲಿಸಿ, ಮರೆಯದೆ ಚೇಂಜ್ ಆಲ್ ಒತ್ತಬೇಕು. ಇಲ್ಲದಿದ್ದರೆ ಆ ಒಂದು ಫೈಲಿಗೆ ಮಾತ್ರ ಬದಲಾಗುತ್ತದೆ. ಲಿನಕ್ಸ್‌ನಲ್ಲಿ ಇಂಥ ಬೀಗಮುದ್ರೆ ಏನೂ ಇಲ್ಲ. ನಿಮ್ಮ ಹೋಮ್ ಫೋಲ್ಡರಿನೊಳಗೆ ಮೈಮ್ಆ್ಯಪ್ಸ್ ಡಾಟ್ ಲಿಸ್ಟ್ ಎಂಬ ಟೆಕ್ಸ್ಟ್ ಫೈಲ್ ಇರುತ್ತದೆ, ಸಾಲಿಗೊಂದು ಆಯ್ಕೆ. ಹಳೆಯ ವಿನ್ ಡಾಟ್ ಐಎನ್‌ಐ ಬಳಸಿದವರಿಗೆ ಖುಷಿಯಾದೀತು.

ಮ್ಯಾಕ್ ವಿಷಯ ಬಂದಾಗ ಒಂದು ಮಾತು. 1984ರ ಮೊದಲ ಮ್ಯಾಕಿಂತೋಷ್‌ನಲ್ಲಿ ಈ ಬಾಲದ ಗೊಡವೆಯೇ ಇರಲಿಲ್ಲ. ಪ್ರತಿ ಫೈಲಿಗೂ ಕಣ್ಣಿಗೆ ಬೀಳದ ಎರಡು ಗುರುತು ಇರುತ್ತಿದ್ದವು. ಒಂದು ಅದು ಯಾವ ಬಗೆಯ ಫೈಲ್ ಎಂದು ಹೇಳುತ್ತಿತ್ತು, ಇನ್ನೊಂದು ಅದನ್ನು ಹುಟ್ಟಿಸಿದ ಆ್ಯಪ್ ಯಾವುದೆಂದು. ಪ್ರತಿಯೊಂದೂ ನಾಲ್ಕಕ್ಷರದ್ದು. ಎರಡು ಫೈಲುಗಳೂ ಸಾದಾ ಟೆಕ್ಸ್ಟೇ ಆಗಿದ್ದರೂ, ಪತ್ರ ಬರೆಯುವ ಆ್ಯಪಿನಲ್ಲಿ ಹುಟ್ಟಿದ್ದು ಅಲ್ಲೇ ತೆರೆಯುತ್ತಿತ್ತು, ಪ್ರೋಗ್ರಾಂ ಬರೆಯುವ ಆ್ಯಪಿನಲ್ಲಿ ಹುಟ್ಟಿದ್ದು ತನ್ನ ತವರಿಗೇ ಹೋಗುತ್ತಿತ್ತು. ನನಗೆ ಇದು ಇವತ್ತಿನದಕ್ಕಿಂತ ಜಾಣ ವ್ಯವಸ್ಥೆ ಅನಿಸುತ್ತದೆ. ಆದರೆ ಇಮೇಲಿನಲ್ಲಿ, ಬೇರೆ ಬಗೆಯ ಕಂಪ್ಯೂಟರುಗಳ ನಡುವೆ ಫೈಲುಗಳು ಓಡಾಡತೊಡಗಿದಾಗ ಈ ಗುರುತುಗಳು ದಾರಿಯಲ್ಲೇ ಉದುರಿ ಹೋಗುತ್ತಿದ್ದವು. ಹೆಸರಿನ ಬಾಲ ಮಾತ್ರ ಎಲ್ಲಿಗೆ ಹೋದರೂ ಜೊತೆಗಿರುತ್ತಿತ್ತು. ಮ್ಯಾಕ್‌ನ 2009ರ ಸ್ನೋ ಲೆಪರ್ಡ್ ಆವೃತ್ತಿಯ ಹೊತ್ತಿಗೆ ಹುಟ್ಟಿಸಿದವರ ಗುರುತನ್ನು ಆ್ಯಪಲ್ ಕೂಡ ಲೆಕ್ಕಕ್ಕೆ ಇಟ್ಟುಕೊಳ್ಳುವುದನ್ನು ಬಿಟ್ಟಿತು.

ಬಾಲ ಗೆದ್ದಿತು ನಿಜ, ಆದರೆ ಬಾಲ ಸತ್ಯವನ್ನೇ ಹೇಳಬೇಕೆಂದೇನೂ ಇಲ್ಲ. ಡಬ್ಬಿಗೆ ಸಕ್ಕರೆ ಎಂದು ಚೀಟಿ ಅಂಟಿಸಿದರೆ ಒಳಗಿನ ಉಪ್ಪು ಸಿಹಿಯಾಗುವುದಿಲ್ಲ. ಪರೀಕ್ಷೆಯ ಅರ್ಜಿಗೆ ಜೆಪಿಜಿ ಫೋಟೊ ಬೇಕೆಂದಾಗ, ಐಫೋನಿನ ಎಚ್‌ಇಐಸಿ ಫೋಟೊದ ಹೆಸರು ಬದಲಿಸಿ ಜೆಪಿಜಿ ಎಂದು ಬರೆದು ಅಪ್‌ಲೋಡ್ ಮಾಡಿ, ‘ಫೈಲ್ ಸರಿಯಿಲ್ಲ’ ಎಂದು ಬೈಸಿಕೊಳ್ಳುವ ಮಕ್ಕಳು ಎಷ್ಟೋ. ಫೈಲಿನ ನಿಜವಾದ ಜಾತಕ ಅದರ ಮೊದಲ ಕೆಲವು ಬೈಟ್‌ಗಳಲ್ಲಿರುತ್ತದೆ. ಒಮ್ಮೆ ನೋಟ್‌ಪ್ಯಾಡ್ ತೆರೆದು ಅದರೊಳಗೆ ಯಾವುದಾದರೂ ಪಿಡಿಎಫ್ ಎಳೆದು ಹಾಕಿ. ಅರ್ಥವಾಗದ ಅಕ್ಷರಗಳ ರಾಶಿ ಬರುತ್ತದೆ. ಆದರೆ ಮೊದಲ ಸಾಲಿನಲ್ಲಿ ಶೇಕಡಾ ಚಿಹ್ನೆ, ಅದಕ್ಕಂಟಿಕೊಂಡು ಪಿ, ಡಿ, ಎಫ್, ಒಂದು ಅಡ್ಡಗೆರೆ, ಆವೃತ್ತಿಯ ಸಂಖ್ಯೆ ಸ್ಪಷ್ಟವಾಗಿ ಕಾಣುತ್ತವೆ. ಝಿಪ್ ಫೈಲ್ ತೆರೆದರೆ ಮೊದಲು ಪಿ ಮತ್ತು ಕೆ ಸಿಗುತ್ತವೆ. ಆ ವಿನ್ಯಾಸ ರೂಪಿಸಿದ ಫಿಲ್ ಕಾಟ್ಜ್ ಅವರ ಹೆಸರಿನ ಮೊದಲಕ್ಷರಗಳು ಅವು. ಎಕ್ಸ್‌ಇ ಫೈಲಿನ ತಲೆಯಲ್ಲಿ ಎಂ ಮತ್ತು ಜೆಡ್ ಇರುತ್ತವೆ, ಮೈಕ್ರೋಸಾಫ್ಟಿನಲ್ಲಿ ಡಾಸ್ ಕಟ್ಟಿದವರಲ್ಲೊಬ್ಬರಾದ ಮಾರ್ಕ್ ಜ್ಬಿಕೋವ್‌ಸ್ಕಿ ಅವರ ಗುರುತು. ತಮಾಷೆಯೆಂದರೆ ವರ್ಡ್‌ನ ಡಾಕ್‌ಎಕ್ಸ್ ಫೈಲಿನ ತಲೆಯಲ್ಲೂ ಪಿ, ಕೆ ಇವೆ, ಯಾಕೆಂದರೆ ಅದು ವೇಷ ಹಾಕಿದ ಝಿಪ್. ನಕಲೊಂದನ್ನು ಮಾಡಿ, ಬಾಲವನ್ನು ಝಿಪ್ ಎಂದು ಬದಲಿಸಿ ತೆರೆದು ನೋಡಿ. ಒಳಗೆ ವರ್ಡ್ ಎಂಬ ಫೋಲ್ಡರ್, ಅದರೊಳಗೆ ಡಾಕ್ಯುಮೆಂಟ್ ಎಂಬ ಫೈಲಿನಲ್ಲಿ ನೀವು ಬರೆದ ಕನ್ನಡ ಸಾಲುಗಳೆಲ್ಲ ಇರುತ್ತವೆ.

ಈಗ ನೀವು ಕೇಳದ, ಆದರೆ ಕೇಳಬೇಕಿದ್ದ ಪ್ರಶ್ನೆಗೆ ಬರುತ್ತೇನೆ. ಡಿಫಾಲ್ಟ್ ಆಗಿ ಯಾವುದನ್ನು ಇಟ್ಟುಕೊಳ್ಳಬೇಕು? ಬಹಳ ಜನ ಇರುವುದರಲ್ಲೇ ದೊಡ್ಡ ಆ್ಯಪನ್ನು ಡಿಫಾಲ್ಟ್ ಮಾಡುತ್ತಾರೆ. ಫೋಟೊಗೆ ಫೋಟೋಶಾಪ್, ಟೆಕ್ಸ್ಟಿಗೆ ವರ್ಡ್. ನನ್ನ ಲೆಕ್ಕ ಬೇರೆ. ಆ ಬಗೆಯ ಫೈಲನ್ನು ಹತ್ತರಲ್ಲಿ ಒಂಬತ್ತು ಸಲ ನೀವು ಯಾತಕ್ಕಾಗಿ ತೆರೆಯುತ್ತೀರಿ ಅನ್ನುವುದನ್ನು ನೋಡಿ. ಫೋಟೊವನ್ನು ನೋಡಲಿಕ್ಕೆ ತೆರೆಯುತ್ತೇವೆ, ತಿದ್ದಲಿಕ್ಕಲ್ಲ. ತಿದ್ದಬೇಕಾದ ಆ ಒಂದು ಸಲಕ್ಕೆ ಓಪನ್ ವಿತ್ ಇದ್ದೇ ಇದೆ. ನೋಡುವ ಆ್ಯಪ್ ಬೇಗ ತೆರೆಯುತ್ತದೆ, ಕೈತಪ್ಪಿ ಏನನ್ನೋ ಅಳಿಸಿ ಸೇವ್ ಮಾಡುವ ಭಯವೂ ಇಲ್ಲ.

ಪಿಡಿಎಫ್‌ಗೂ ಇದೇ ಮಾತು. ಓದಲಿಕ್ಕಷ್ಟೇ ಆದರೆ ಬ್ರೌಸರೇ ಸಾಕು, ಅದರ ಮೇಲೆ ಸಿಟ್ಟಾಗುವ ಅಗತ್ಯವೂ ಇಲ್ಲ. ಆದರೆ ಡಿಜಿಟಲ್ ಸಹಿ ಇರುವ ಕಾಗದಗಳನ್ನು ನೀವು ಆಗಾಗ ನೋಡುವವರಾದರೆ ಮಾತು ಬೇರೆ. ಇ-ಆಧಾರ್ ತೆಗೆದುಕೊಳ್ಳಿ. ಬ್ರೌಸರಿನಲ್ಲಿ ಅದನ್ನು ತೆರೆದರೆ ಸಹಿಯ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ ಚಿತ್ರದಂತೆ ಕೂತಿರುತ್ತದೆ, ಸಾಮಾನ್ಯವಾಗಿ ಬ್ರೌಸರುಗಳು ಆ ಸಹಿಯನ್ನು ಪರಿಶೀಲಿಸುವ ಗೋಜಿಗೆ ಹೋಗುವುದಿಲ್ಲ. ಅಡೋಬಿ ರೀಡರಿನಲ್ಲಿ ತೆರೆದು, ಆ ಚಿಹ್ನೆಯ ಮೇಲೆ ರೈಟ್ ಕ್ಲಿಕ್ ಮಾಡಿ ವ್ಯಾಲಿಡೇಟ್ ಸಿಗ್ನೇಚರ್ ಎಂದರೆ, ಪ್ರಮಾಣಪತ್ರವನ್ನು ನಂಬಿಕೆಯ ಪಟ್ಟಿಗೆ ಸೇರಿಸಿದ ಮೇಲೆ, ಅದು ಹಸಿರು ಟಿಕ್ ಆಗುತ್ತದೆ. ಒಳಗಿನ ಒಂದಕ್ಷರ ಬದಲಾಗಿದ್ದರೂ ಆ ಟಿಕ್ ಬರುವುದಿಲ್ಲ. ಸಾಲಕ್ಕೋ ಬಾಡಿಗೆಗೋ ಯಾರಾದರೂ ಸಹಿ ಇರುವ ಪಿಡಿಎಫ್ ಕೊಟ್ಟಾಗ ಅದನ್ನು ನೋಡಿದೆ ಅನ್ನುವುದಕ್ಕೂ ಪರಿಶೀಲಿಸಿದೆ ಅನ್ನುವುದಕ್ಕೂ ಇರುವ ವ್ಯತ್ಯಾಸ ಇಷ್ಟೇ, ಯಾವ ಆ್ಯಪಿನಲ್ಲಿ ತೆರೆದಿರಿ ಅನ್ನುವುದು.

ಕನ್ನಡದಲ್ಲಿ ಕೆಲಸ ಮಾಡುವವರಿಗೆ ಪಿಡಿಎಫ್‌ಗಿಂತ ಹೆಚ್ಚು ಕಾಟ ಕೊಡುವುದು ಸಿಎಸ್‌ವಿ, ಅಂದರೆ ಕೋಷ್ಟಕದ ಮಾಹಿತಿಯನ್ನು ಸಾದಾ ಟೆಕ್ಸ್ಟಾಗಿ ಇಡುವ ಫೈಲ್. ಗೂಗಲ್ ಫಾರ್ಮಿನಲ್ಲಿ ಹೆಸರು, ಊರು ಎಲ್ಲ ಕನ್ನಡದಲ್ಲಿ ತುಂಬಿಸಿಕೊಂಡು ಸಿಎಸ್‌ವಿ ಇಳಿಸಿಕೊಳ್ಳುತ್ತೀರಿ. ಡಬಲ್ ಕ್ಲಿಕ್ ಮಾಡಿದ ಕೂಡಲೇ ಡಿಫಾಲ್ಟ್ ಆಗಿರುವ ಎಕ್ಸೆಲ್ ಎದ್ದು ಬರುತ್ತದೆ. ‘ಕ’ ಇರಬೇಕಾದ ಕಡೆ ತಲೆಯ ಮೇಲೆ ಓರೆಗೆರೆ ಹೊತ್ತ ಇಂಗ್ಲಿಷ್ ಎ, ಅದರ ಪಕ್ಕ ಮೇಲೆ ತೂಗುಬಿದ್ದ ಪುಟಾಣಿ 2, ಆಮೇಲೊಂದು ಕಪ್ಪು ಬೊಟ್ಟು. ಯೂನಿಕೋಡಿನ ಯುಟಿಎಫ್-8 ಪದ್ಧತಿಯಲ್ಲಿ ಒಂದು ‘ಕ’ಗೆ 3 ಬೈಟ್ ಬೇಕು. ಫೈಲಿನ ಆರಂಭದಲ್ಲಿ ಬಿಒಎಂ ಎಂಬ ಗುರುತು ಇಲ್ಲದಿದ್ದರೆ ಎಕ್ಸೆಲ್‌ನ ಅನೇಕ ಆವೃತ್ತಿಗಳು ಆ 3 ಬೈಟ್‌ಗಳನ್ನು 3 ಯುರೋಪಿಯನ್ ಅಕ್ಷರಗಳೆಂದು ಓದಿಬಿಡುತ್ತವೆ. ಫೈಲ್ ಕೆಟ್ಟಿದೆ ಎಂದು ಜನ ಮತ್ತೆ ಇಳಿಸಿಕೊಳ್ಳುತ್ತಾರೆ. ಫೈಲಿಗೆ ಏನೂ ಆಗಿರುವುದಿಲ್ಲ. ಕನ್ನಡ ಹೇಗೋ ಹೋಗಲಿ, ಅಂಕಿಗಳ ಗತಿ ಇನ್ನೂ ಕೆಟ್ಟದ್ದು. 080 ಎಂಬ ಎಸ್‌ಟಿಡಿ ಕೋಡ್ ಬರೀ 80 ಆಗುತ್ತದೆ. 12 ಅಂಕಿಯ ಆಧಾರ್ ಸಂಖ್ಯೆ ದಶಾಂಶ ಚುಕ್ಕಿಯ ಪುಡಿಲೆಕ್ಕವಾಗಿ ಕಾಣುತ್ತದೆ. ಎಕ್ಸೆಲ್ 15 ಅಂಕಿಗಳನ್ನಷ್ಟೇ ನಿಖರವಾಗಿ ಹಿಡಿದಿಟ್ಟುಕೊಳ್ಳುವುದರಿಂದ 16 ಅಂಕಿಯ ಖಾತೆ ಸಂಖ್ಯೆಯ ಕೊನೆಯ ಅಂಕಿ ಸೊನ್ನೆಯಾಗುತ್ತದೆ. ಆ ಸ್ಥಿತಿಯಲ್ಲೇ ಸೇವ್ ಒತ್ತಿದಿರೋ, ಮುಗಿಯಿತು, ಈಗ ಫೈಲ್ ನಿಜವಾಗಿಯೂ ಕೆಟ್ಟಿತು.

ಅದಕ್ಕೇ ಸಿಎಸ್‌ವಿಗೆ ಲಿಬ್ರೆಆಫೀಸ್ ಕ್ಯಾಲ್ಕನ್ನು ಡಿಫಾಲ್ಟ್ ಮಾಡಿ ಎಂದು ನಾನು ಹೇಳುವುದು. ಅದು ಫೈಲ್ ತೆರೆಯುವ ಮುಂಚೆ ಒಂದು ಪೆಟ್ಟಿಗೆ ತೋರಿಸಿ, ಅಕ್ಷರ ಪದ್ಧತಿ ಯಾವುದು, ಯಾವ ಕಂಬಸಾಲನ್ನು ಅಂಕಿಯೆಂದು ತಿಳಿಯಬೇಕು, ಯಾವುದನ್ನು ಬರಹವೆಂದು, ಎಂದು ಕೇಳುತ್ತದೆ. ಯುಟಿಎಫ್-8 ಆರಿಸಿ, ಖಾತೆ ಸಂಖ್ಯೆಯ ಸಾಲನ್ನು ಟೆಕ್ಸ್ಟ್ ಎಂದು ಗುರುತಿಸಿ. ಎಕ್ಸೆಲ್ ಬೇಡವೆಂದಲ್ಲ, ಎಕ್ಸ್‌ಎಲ್‌ಎಸ್‌ಎಕ್ಸ್ ಅದರ ಹತ್ತಿರವೇ ಇರಲಿ. ಒಂದೊಂದು ಬಾಲಕ್ಕೂ ಬೇರೆ ಬೇರೆ ಆ್ಯಪ್ ಇಟ್ಟುಕೊಳ್ಳಬಹುದು ಅನ್ನುವುದೇ ಈ ವ್ಯವಸ್ಥೆಯ ಅನುಕೂಲ.

ಆದರೆ ಎಲ್ಲ ಗೋಜಲನ್ನೂ ಡಿಫಾಲ್ಟ್ ಆ್ಯಪಿನ ತಲೆಗೆ ಕಟ್ಟಬೇಡಿ. ಹಳೆಯ ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲ್ ಹೊಸ ಕಂಪ್ಯೂಟರಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೊಂದಲವಾಗಿ ಕಂಡರೆ ಆ್ಯಪ್ ಬದಲಿಸಿ ಪ್ರಯೋಜನವಿಲ್ಲ. ಅದರೊಳಗೆ ಇರುವುದು ಯೂನಿಕೋಡ್ ಅಲ್ಲ, ನುಡಿ ಫಾಂಟಿನ ವೇಷ ತೊಟ್ಟ ಇಂಗ್ಲಿಷ್ ಸಂಕೇತಗಳು. ಆ ಫಾಂಟ್ ಹಾಕಬೇಕು, ಇಲ್ಲವೇ ಯೂನಿಕೋಡಿಗೆ ಪರಿವರ್ತಿಸಬೇಕು. ಬರಹ ಸಾಫ್ಟ್‌ವೇರಿನ ಬಿಆರ್‌ಎಚ್ ಫೈಲುಗಳ ಕಥೆ ಸ್ವಲ್ಪ ಬೇರೆ. ಬರಹ ಇನ್‌ಸ್ಟಾಲ್ ಆಗಿಲ್ಲದಿದ್ದರೆ ವಿಂಡೋಸ್ ‘ಇದನ್ನು ಯಾವುದರಲ್ಲಿ ತೆರೆಯಲಿ’ ಎಂದು ಕೇಳುತ್ತದೆ. ಆಗ ಗಾಬರಿಯಲ್ಲಿ ಸಿಕ್ಕ ಆ್ಯಪಿಗೆ ಆಲ್ವೇಸ್ ಒತ್ತಬೇಡಿ, ಬರಹ ಹಾಕಿಕೊಳ್ಳಿ.

ಡಿಫಾಲ್ಟ್ ಬದಲಿಸುವುದರಿಂದ ನಿಜವಾದ ರಕ್ಷಣೆ ಸಿಗುವ ಜಾಗವೂ ಒಂದಿದೆ. 2000ದ ಮೇ ತಿಂಗಳಲ್ಲಿ ಫಿಲಿಪ್ಪೀನ್ಸ್‌ನಿಂದ ಹೊರಟ ‘ಐ ಲವ್ ಯೂ’ ವೈರಸ್ ಇಮೇಲಿನಲ್ಲಿ ಪ್ರೇಮಪತ್ರದ ರೂಪದಲ್ಲಿ ಬರುತ್ತಿತ್ತು. ಫೈಲಿನ ಹೆಸರಿಗೆ ಎರಡು ಬಾಲ: ಮೊದಲು ಟಿಎಕ್ಸ್‌ಟಿ, ಅದರ ಹಿಂದೆ ವಿಬಿಎಸ್. ಗೊತ್ತಿರುವ ಬಾಲಗಳನ್ನು ಮರೆಮಾಡುವ ಅಭ್ಯಾಸ ವಿಂಡೋಸಿಗೆ ಇದ್ದುದರಿಂದ ಅನೇಕರಿಗೆ ಕಂಡದ್ದು ಸಾಧು ಟೆಕ್ಸ್ಟ್ ಫೈಲ್. ಕ್ಲಿಕ್ ಮಾಡಿದಾಗ ವಿಂಡೋಸ್ ಮಾತ್ರ ಕೊನೆಯ ಬಾಲ ನೋಡಿ, ಪಟ್ಟಿಯ ಪ್ರಕಾರ ಸ್ಕ್ರಿಪ್ಟ್ ಹೋಸ್ಟಿಗೆ ಒಪ್ಪಿಸಿತು. ಅದು ತೋರಿಸುವ ಆ್ಯಪ್ ಅಲ್ಲ, ಬರೆದಿದ್ದನ್ನು ನಡೆಸಿಬಿಡುವ ಆ್ಯಪ್. ವಿಂಡೋಸಿನ ಆ ಅಭ್ಯಾಸ ಇವತ್ತಿಗೂ ಹೋಗಿಲ್ಲ. ಫೈಲ್ ಎಕ್ಸ್‌ಪ್ಲೋರರಿನ ವ್ಯೂ ಮೆನುವಿನಲ್ಲಿ ಶೋ, ಅದರೊಳಗೆ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಆನ್ ಮಾಡಿ. ಜೊತೆಗೆ ವಿಬಿಎಸ್, ಜೆಎಸ್, ಎಚ್‌ಟಿಎ ಈ ಮೂರು ಬಾಲಗಳಿಗೆ ನೋಟ್‌ಪ್ಯಾಡನ್ನು ಡಿಫಾಲ್ಟ್ ಮಾಡಿ. ಮನೆಯ ಕಂಪ್ಯೂಟರಿನಲ್ಲಿ ಇವುಗಳನ್ನು ಡಬಲ್ ಕ್ಲಿಕ್ ಮಾಡಿ ನಡೆಸುವ ಅಗತ್ಯ ಯಾರಿಗೂ ಬೀಳುವುದಿಲ್ಲ. ಮಗಳು ತಿಳಿಯದೆ ಕ್ಲಿಕ್ ಮಾಡಿದರೆ ಅರ್ಥವಾಗದ ಸಾಲುಗಳು ಕಾಣುತ್ತವೆ, ಅಷ್ಟೇ. ಅಂದಹಾಗೆ ಇದನ್ನು ಅವಳ ಲಾಗಿನ್‌ನಲ್ಲೂ ಬೇರೆಯಾಗಿ ಮಾಡಬೇಕು. ಕಚೇರಿಯ ಕಂಪ್ಯೂಟರಾದರೆ ಮಾತ್ರ ಅಲ್ಲಿನ ಐಟಿಯವರನ್ನು ಕೇಳದೆ ಕೈ ಹಾಕಬೇಡಿ.

ಮುಟ್ಟಬಾರದ ಎರಡು ಬಾಲಗಳೂ ಇವೆ: ಎಕ್ಸ್‌ಇ ಮತ್ತು ಎಲ್‌ಎನ್‌ಕೆ. ಎರಡನೆಯದು ಡೆಸ್ಕ್‌ಟಾಪಿನ ಶಾರ್ಟ್‌ಕಟ್‌ಗಳದ್ದು. ವಿಂಡೋಸ್ 7ರ ದಿನಗಳಲ್ಲಿ ಅದನ್ನು ಯಾವುದೋ ಆ್ಯಪಿಗೆ ಕಟ್ಟಿಹಾಕಿ, ಡೆಸ್ಕ್‌ಟಾಪಿನ ಯಾವ ಐಕಾನ್ ಒತ್ತಿದರೂ ಅದೇ ಆ್ಯಪ್ ತೆರೆಯುವ ಅವಸ್ಥೆ ತಂದುಕೊಂಡವರು ಬಹಳ. ಹಾಗೆಯೇ ಡಿಫಾಲ್ಟ್ ಆ್ಯಪ್ಸ್ ಪುಟದ ತಳದಲ್ಲಿ ಎಲ್ಲ ಡಿಫಾಲ್ಟ್‌ಗಳನ್ನೂ ರೀಸೆಟ್ ಮಾಡುವ ಗುಂಡಿಯೊಂದಿದೆ. ಏನೋ ಸರಿಯಾಗುತ್ತದೆಂದು ಅದನ್ನು ಒತ್ತಿದರೆ ಇಷ್ಟು ಹೊತ್ತು ನೀವು ಮಾಡಿದ ಆಯ್ಕೆಗಳೆಲ್ಲ ಹೋಗಿ ಮೈಕ್ರೋಸಾಫ್ಟಿನ ಶಿಫಾರಸುಗಳು ಬಂದು ಕೂರುತ್ತವೆ. ಹಿಂದಕ್ಕೆ ಪಡೆಯುವ ಗುಂಡಿ ಅಲ್ಲಿಲ್ಲ.